ಗೆಜ್ಜಲಗೆರೆಯಲ್ಲಿ ಹುಟ್ಟಿದ ಇಂಗ್ಲಿಷ್ ಕಾರು

ನಾನು ಕೊಳ್ಳಬೇಕೆಂದಿದ್ದ ಮೊದಲ ಎರಡು ಕಾರುಗಳನ್ನು ಅಂಕಯ್ಯನವರು ಕೊಳ್ಳಗೊಡಲಿಲ್ಲ.

ಮದ್ದೂರಿನ ಶಾಲೆಯಲ್ಲಿ ಪಾಠ ಹೇಳುವ ನನಗೆ ಮಂಡ್ಯದಿಂದ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಬಂದು ಸಾಕಾಗಿತ್ತು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಹುಡುಕುತ್ತಿದ್ದೆ. "ಕೆರಗೋಡಿನ ಅಂಕಯ್ಯನಿಗೆ ಒಂದು ಸಲ ತೋರಿಸಿ, ಆಮೇಲೆ ಅಡ್ವಾನ್ಸ್ ಕೊಡಿ" ಎಂದು ಜೊತೆಯ ಮೇಷ್ಟ್ರೊಬ್ಬರು ಹೇಳಿದರು. ಅಂಕಯ್ಯನವರು ಟಿವಿಎಸ್ ಗಾಡಿಯಲ್ಲಿ ಬಂದರು. ಮಾರುವವನ ಮುಖವನ್ನೂ ನೋಡಲಿಲ್ಲ. ಜೇಬಿನಿಂದ ಅಯಸ್ಕಾಂತದ ಚೂರೊಂದನ್ನು ತೆಗೆದು ಬಾಗಿಲಿಗೆ, ಮಡ್‌ಗಾರ್ಡಿಗೆ ಅಂಟಿಸುತ್ತಾ ಹೋದರು. ಒಂದು ಕಡೆ ಅದು ಅಂಟದೆ ಟಣ್ ಎಂದು ನೆಲಕ್ಕೆ ಬಿತ್ತು.

"ಮೇಡಂ, ಇಲ್ಲಿ ತಗಡೇ ಇಲ್ಲ. ಪುಟ್ಟಿ ಮೆತ್ತಿ ಪೇಂಟ್ ಒಡ್ದವ್ರೆ. ಗಾಡಿ ಎಲ್ಲೋ ಮಗುಚಿಕೊಂಡೈತೆ. ಬ್ಯಾಡಿ."

ಎರಡನೆಯ ಕಾರಿನಲ್ಲಿ ಸೀಟ್ ಬೆಲ್ಟ್ ಹೊಸದಾಗಿತ್ತು. "ಅಳೇ ಬೆಲ್ಟಿಗೆ ಏನಾಯ್ತು?" ಎಂದು ಒಂದೇ ಮಾತು ಕೇಳಿದರು. ಅಪಘಾತವಾದ ಗಾಡಿಗೇ ಬೆಲ್ಟ್ ಬದಲಿಸುವುದು. ಮಾರುವವನು ತಡವರಿಸಿದ. ನಾವು ಹೊರಟೆವು. ಮೂರನೆಯದನ್ನು ಒಂದು ಗಂಟೆ ನೋಡಿದರು. ಕಾರಿನ ಅಡಿಯಲ್ಲಿ ಮಲಗಿ ನೋಡಿದರು. ಎದ್ದು ಬಂದಾಗ ಮುಖ ಇನ್ನೂ ಸಪ್ಪಗಿತ್ತು.

"ಏನೂ ಸಿಕ್ಲಿಲ್ಲ. ಅದೇ ನಂಗೆ ಯೋಚ್ನೆ" ಎಂದರು.

ಆ ಕಾರನ್ನೇ ನಾನು ಕೊಂಡೆ. ಇವತ್ತಿಗೂ ಓಡಿಸುತ್ತಿದ್ದೇನೆ. ಸಿಕ್ಕಾಗಲೆಲ್ಲ ಅವರು ಅದನ್ನು ಒಂದು ಸುತ್ತು ಹಾಕಿ, ಇಷ್ಟು ದಿನವಾದರೂ ತಪ್ಪು ಹೊರಬೀಳಲಿಲ್ಲವಲ್ಲ ಎಂಬಂತೆ ನೋಡುತ್ತಾರೆ. ಊರಿನವರು ಅವರನ್ನು ಅನುಮಾನದ ಅಂಕಯ್ಯ ಎಂದು ಕರೆಯುವುದು ಸುಮ್ಮನೆ ಅಲ್ಲ.

ಈ ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದೂ ಅಲ್ಲ. ಬಂದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಗ ಅವರು ಮಂಡ್ಯದಲ್ಲಿ ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಟಿಂಕರ್ ಆಗಿದ್ದರು. ತಗಡನ್ನು ಬಡಿದು, ಬಗ್ಗಿಸಿ, ಬೆಸೆದು ಗಾಡಿಗೆ ಮೈ ಮಾಡಿಕೊಡುವ ಕೆಲಸ. ಒಂದು ದಿನ ಶೆಡ್ಡಿನ ಮಾಲೀಕ ಒಂದು ಲಾರಿಯನ್ನು ತಂದು ನಿಲ್ಲಿಸಿ, "ಚಾಸಿ ನಂಬರು ತುಕ್ಕು ತಿಂದೋಗದೆ. ಉಜ್ಜಿ ಸಾಪು ಮಾಡಿ ಈ ಚೀಟೀಲಿರೋ ನಂಬರ್ ಒಡಿಲಾ" ಎಂದ. ಅಂಕಯ್ಯ ಉಜ್ಜಿದರು. ಒಂದೊಂದು ಅಂಕಿಯನ್ನೂ ಒಂದೇ ಸಾಲಿನಲ್ಲಿ, ಒಂದೇ ಆಳಕ್ಕೆ ಹೊಡೆದರು. ಕೆಲಸ ಚೆನ್ನಾಗಿ ಬಂತೆಂದು ಮಾಲೀಕ ಬೆನ್ನು ತಟ್ಟಿದ.

ಆರು ವಾರದ ಮೇಲೆ ಪೊಲೀಸರು ಬಂದರು. ಅದು ಕದ್ದ ಲಾರಿ. ಮಾಲೀಕ ಕೈ ತೋರಿಸಿ, "ಒಡ್ದೋನು ಇವ್ನೇ. ಬೇಕಾದ್ರೆ ಇವನ ಕೈಲಿ ಇನ್ನೊಂದ್ಸಲ ಒಡೆಸಿ ನೋಡಿ, ಅದೇ ಕೈ" ಎಂದುಬಿಟ್ಟ. ಮೂರು ದಿನ ಅಂಕಯ್ಯನನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ಅಲ್ಲಿ ಏನಾಯಿತೆಂದು ಅವರು ಯಾರಿಗೂ ಹೇಳಿಲ್ಲ. ಅವರ ಎಡಗಿವಿ ಅಷ್ಟಾಗಿ ಕೇಳುವುದಿಲ್ಲ. ತಗಡು ಬಡಿದು ಬಡಿದು ಹಾಗಾಯಿತು ಎಂದು ಅವರು ಹೇಳುತ್ತಾರೆ. ಅವರ ಹೆಂಡತಿ ಬೆಳ್ಳಮ್ಮ ಹಾಗೆ ಹೇಳುವುದಿಲ್ಲ.

ಸುಧೀಂದ್ರ ಕೆರಗೋಡಿಗೆ ಅವರನ್ನು ಹುಡುಕಿಕೊಂಡು ಬಂದದ್ದು 2021ರ ಕೊನೆಯಲ್ಲಿ. ಆಗ ಅಂಕಯ್ಯನವರಿಗೆ ಐವತ್ತಾರು. ಬಸ್ಸಿನ ಬಾಡಿ ಕೆಲಸ ಬಿಟ್ಟು, ಕಬ್ಬಿನ ಟ್ರೇಲರುಗಳಿಗೆ ತಗಡು ಹಾಕಿಕೊಂಡು, ಜನ ಕರೆದಾಗ ಹಳೆ ಕಾರು ನೋಡಿಕೊಟ್ಟುಕೊಂಡು ಇದ್ದರು. ಸುಧೀಂದ್ರ ಮಂಡ್ಯ ಪೇಟೆಯವರು, ಸಂಸ್ಕೃತ ಪಂಡಿತರೊಬ್ಬರ ಮಗ. ಯಂತ್ರದ ಭಾಗಗಳನ್ನು ಮಾಡುವ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ಎಂಜಿನಿಯರ್ ಆಗಿದ್ದು, ಕೆಲಸ ಬಿಟ್ಟು, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದಿದ್ದರು. ಜಗಲಿಯ ಮೇಲೆ ಕೂತು ಚೀಲದಿಂದ ಒಂದು ಫೋಟೋ ತೆಗೆದು ತೋರಿಸಿದರು.

"ಇದು ಅರವತ್ತೆರಡನೇ ಇಸವಿಯ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಅಂಕಯ್ಯನೋರೇ. ಎರಡೇ ಸೀಟು, ಮೇಲೆ ಟಾಪಿಲ್ಲ. ಇದರ ಹಾಗೇ ಒಂದನ್ನ ಹೊಸದಾಗಿ ಕಟ್ಟಬೇಕು. ಮೈಯೆಲ್ಲ ಅಲ್ಯೂಮಿನಿಯಂ. ಕೈಯಲ್ಲೇ ಬಡೀಬೇಕು. ಮಾಡಿಕೊಡ್ತೀರಾ?"

"ಇಂಜಿನ್ನು?"

"ಅಮೆರಿಕದ್ದು. ಎಂಟು ಸಿಲಿಂಡರು."

"ಇಂಗ್ಲೆಂಡ್ ಗಾಡಿಗೆ ಅಮೆರಿಕದ ಇಂಜಿನ್ ಯಾಕೆ ಸಾರ್?"

ಆ ಕಾಲದ ಇಂಗ್ಲಿಷ್ ಇಂಜಿನ್ನಿಗೆ ಈಗ ಸ್ಪೇರ್ ಸಿಗುವುದಿಲ್ಲ, ಸಿಕ್ಕರೂ ನಮ್ಮ ಬಿಸಿಲಿಗೆ ಅದು ಕಾದು ನಿಂತುಹೋಗುತ್ತದೆ, ಅಮೆರಿಕದ ಇಂಜಿನ್ ಹೊಸದು, ಗಟ್ಟಿ, ಬಲವೂ ಹೆಚ್ಚು ಎಂದು ಸುಧೀಂದ್ರ ವಿವರಿಸಿದರು. ಹೊರದೇಶಗಳಲ್ಲಿ ಎಷ್ಟೋ ಜನ ಹೀಗೆ ಮಾಡಿಕೊಳ್ಳುತ್ತಾರಂತೆ. ಅಂಕಯ್ಯ ಕೇಳಿಸಿಕೊಂಡರು.

"ಮೈ ಒಬ್ಬರ್ದು, ಎದೆ ಇನ್ನೊಬ್ಬರ್ದು. ಕೊನೆಗೆ ಇದು ಯಾರ್ ಗಾಡಿ ಅಂತ ಯೋಳ್ತೀರಿ?"

ಸುಧೀಂದ್ರ ನಕ್ಕರು. ಆ ನಗು ಅಂಕಯ್ಯನವರಿಗೆ ಹಿಡಿಸಲಿಲ್ಲ.

ಶೆಡ್ಡನ್ನು ನೋಡಿದ ಮೇಲಂತೂ ಇನ್ನೂ ಹಿಡಿಸಲಿಲ್ಲ. ಅಕ್ಕಪಕ್ಕದ ಕಾರ್ಖಾನೆಗಳಿಗೆಲ್ಲ ಆಳೆತ್ತರದ ಬೋರ್ಡು. ಇದಕ್ಕೆ ಒಂದು ಚೀಟಿಯೂ ಇಲ್ಲ. ಕಿಟಕಿಯ ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿದ್ದರು. ಒಳಗೆ ಮರದ ಪೆಟ್ಟಿಗೆಯಲ್ಲಿ ಇಂಜಿನ್ ಇತ್ತು. ಸುಧೀಂದ್ರರ ಚಿಕ್ಕಪ್ಪನ ಮಗ ಕಿಟ್ಟು ಅದರ ಪಕ್ಕದಲ್ಲಿ ನಿಂತಿದ್ದ. ನಲವತ್ತೈದರ ಆಸುಪಾಸಿನವನು, ಇಂಜಿನ್ ಕೆಲಸದಲ್ಲಿ ನುರಿತವನು.

"ಬೋರ್ಡ್ ಯಾಕಾಕಿಲ್ಲ?" ಎಂದರು ಅಂಕಯ್ಯ.

"ಹಾಕಿದ್ರೆ ದಾರೀಲಿ ಹೋಗೋರೆಲ್ಲ ಬಂದು ಕೂರ್ತಾರೆ" ಎಂದ ಕಿಟ್ಟು.

ಅಂಕಯ್ಯ ಇಂಜಿನ್ನಿನ ಕಾಗದ ಕೇಳಿದರು. ಚೆನ್ನೈ ಬಂದರಿನಲ್ಲಿ ಬಿಡಿಸಿಕೊಂಡ ಕಾಗದ ಬಂತು. ಕನ್ನಡಕ ಹಾಕಿಕೊಂಡು, ಕಾಗದದ ನಂಬರನ್ನೂ ಇಂಜಿನ್ನಿನ ಮೇಲಿನ ನಂಬರನ್ನೂ ಒಂದೊಂದೇ ಅಕ್ಷರ ಬೆರಳಿಟ್ಟು ತಾಳೆ ನೋಡಿದರು. ಕಿಟ್ಟುವಿಗೆ ರೇಗಿತು.

"ನಾವೇನು ಕಳ್ಳರು ಅಂದ್ಕೊಂಡ್ರಾ?"

"ಕಳ್ರು ಅಂತ ನಾನಂದ್ನಾ? ನಂಬರ್ ಓದ್ದೆ ಅಷ್ಟೇಯ."

ಅಷ್ಟೆಲ್ಲ ಅನುಮಾನವಿದ್ದೂ ಯಾಕೆ ಒಪ್ಪಿಕೊಂಡಿರಿ ಎಂದು ಒಮ್ಮೆ ಅವರನ್ನು ಕೇಳಿದ್ದೆ. ಮೂವತ್ತೈದು ವರ್ಷ ತಾನು ಬಡಿದದ್ದೆಲ್ಲ ಪೆಟ್ಟಿಗೆಗಳು ಎಂದರು. ಬಸ್ಸು ಒಂದು ಪೆಟ್ಟಿಗೆ, ಟ್ರೇಲರ್ ಇನ್ನೊಂದು ಪೆಟ್ಟಿಗೆ. ಆ ಫೋಟೋದ ಕಾರಿನಲ್ಲಿ ಬಾಗಿಲಿನಿಂದ ಹಿಂದಿನ ಚಕ್ರದ ಮೇಲೆ ಏರಿ ಬಾಲದ ಕಡೆಗೆ ಇಳಿಯುವ ಒಂದು ಬಾಗು ಇತ್ತು. "ಮಲಗಿರೋ ಎಮ್ಮೆ ಬೆನ್ನಂಗಿತ್ತು ಮೇಡಂ. ಒಂದೇ ಒಂದ್ಸಲ ಅದ ನನ್ನ ಕೈಲಿ ಬರಿಸ್ಬೇಕು ಅನ್ನಿಸ್ತು" ಎಂದರು.

ಹದಿನಾಲ್ಕು ತಿಂಗಳು ಕೆಲಸ ನಡೆಯಿತು. ದಿನಾ ಬೆಳಗ್ಗೆ ಕೆರಗೋಡಿನಿಂದ ಬುತ್ತಿ ಕಟ್ಟಿಸಿಕೊಂಡು ಟಿವಿಎಸ್‌ನಲ್ಲಿ ಹೋಗುವರು. ಅಲ್ಯೂಮಿನಿಯಂ ತಗಡಿಗೆ ಬಟ್ಟೆ ಸೋಪು ತಿಕ್ಕಿ, ಗ್ಯಾಸಿನ ಬೆಂಕಿ ತೋರಿಸುವರು. ಸೋಪು ಕಪ್ಪಗಾದ ಗಳಿಗೆಗೆ ಬೆಂಕಿ ತೆಗೆಯಬೇಕು, ಆಗ ತಗಡು ಮೆತ್ತಗಾಗಿರುತ್ತದೆ, ಇನ್ನೊಂದು ಚೂರು ತಡೆದರೆ ಕರಗಿ ತೂತು ಬೀಳುತ್ತದೆ. ಮೆತ್ತಗಾದ ತಗಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುವುದು. ಹಿಂದಿನ ಮಡ್‌ಗಾರ್ಡನ್ನು ಅವರು ಐದು ಸಲ ಮಾಡಿ ನಾಲ್ಕನ್ನು ಮೂಲೆಗೆ ಎಸೆದರು. ಐದನೆಯದನ್ನು ಸುಧೀಂದ್ರ ಕಣ್ಣುಮುಚ್ಚಿ ಅಂಗೈಯಿಂದ ಸವರಿ ನೋಡಿ, ಹೊರಗೆ ಹೋಗಿ ಎರಡು ಟೀ ತಂದರು. ಆ ದಿನದಿಂದ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು.

ಇಂಜಿನ್ ಕೂರಿಸಿದಾಗ ತೊಡಕು ಬಂತು. ಇಂಗ್ಲಿಷ್ ಕಾರಿನ ಮೂತಿ ತಗ್ಗು, ಅಮೆರಿಕದ ಇಂಜಿನ್ ಎತ್ತರ. ಬಾನೆಟ್ ಮುಚ್ಚಲಿಲ್ಲ. ಅಂಕಯ್ಯ ಬಾನೆಟ್ಟಿನ ನಡುವೆ ಒಂದು ಉಬ್ಬು ಬರಿಸಿದರು. ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಶೆಡ್ಡಿನ ಶೀಟೆಲ್ಲ ಗುಡುಗುಟ್ಟಿ, ಪಕ್ಕದ ಕಾರ್ಖಾನೆಯ ಕಾವಲುಗಾರ ಓಡಿಬಂದ. ಕಿಟ್ಟು ಕುಣಿದಾಡಿದ. ಅಂಕಯ್ಯ ತಮ್ಮ ಬಲಗಿವಿಯನ್ನು ಇಂಜಿನ್ನಿನ ಕಡೆ ಮಾಡಿಕೊಂಡು ಬಹಳ ಹೊತ್ತು ನಿಂತಿದ್ದರು. ಮನೆಗೆ ಹೋಗಿ ಬೆಳ್ಳಮ್ಮನ ಮುಂದೆ, "ಇಂಜಿನ್ನು ಸುಳ್ಳೇಳ್ತಿಲ್ಲ ಕಣಮ್ಮಿ" ಎಂದರಂತೆ.

ಅದಾದ ಮುಂದಿನ ವಾರ ಸ್ವರೂಪ್ ಬಂದ.

ಈ ಕಾರನ್ನು ಕೊಳ್ಳುವವನು ಅವನೇ ಎಂದು ಸುಧೀಂದ್ರ ಪರಿಚಯಿಸಿದರು. ಬೆಂಗಳೂರಿನವನು, ಹಳೆಯ ಕಾರುಗಳ ವ್ಯಾಪಾರಿ, ನಯವಾದ ಮಾತು. ಕಾರಿನ ಸುತ್ತ ಓಡಾಡಿ ಹೊಗಳಿದ. ಆಮೇಲೆ ಕೆಲವು ಬದಲಾವಣೆ ಕೇಳಿದ. ಬಾನೆಟ್ಟಿನ ಉಬ್ಬು ಬೇಡ, ಮೂಲದ ಕಾರಿನಲ್ಲಿ ಹಾಗಿಲ್ಲ. ಒಳಗೆ ಹಾಕಿರುವ ಪ್ಲಸ್ ತಲೆಯ ಸ್ಕ್ರೂಗಳೆಲ್ಲ ಬೇಡ, ಒಂದೇ ಗೀಟಿನ ಹಳೇ ಸ್ಕ್ರೂ ಬೇಕು. ಪೇಂಟು ಇಷ್ಟು ಹೊಳೆಯಬಾರದು.

"ಮಾದರಿ ಅಂದ್ಮೇಲೆ ಮೂಲದ ಹಾಗೇ ಇರಬೇಕಲ್ವೇ?" ಎಂದರು ಸುಧೀಂದ್ರ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅಂಕಯ್ಯನವರಿಗೆ ಅವತ್ತು ಬುತ್ತಿ ಸೇರಲಿಲ್ಲ.

ಹದಿನೈದು ದಿನದ ಮೇಲೆ ಒಂದು ಲಾರಿಯಲ್ಲಿ ತುಕ್ಕು ಹಿಡಿದ ಹಳೆಯ ಇಂಗ್ಲಿಷ್ ಇಂಜಿನ್ ಬಂತು. ಸ್ವರೂಪ್ ಕಳಿಸಿದ್ದು. ಅದನ್ನು ಮೂಲೆಯಲ್ಲಿಟ್ಟು ಟಾರ್ಪಾಲು ಹೊದಿಸಿದರು. "ಸುಮ್ನೆ ಇರ್ಲಿ ಅಂತ ಕಳಿಸಿದಾನೆ" ಎಂದ ಕಿಟ್ಟು. ಅದರ ಜೊತೆಗೆ ಒಂದು ಸಣ್ಣ ಹಿತ್ತಾಳೆಯ ತಗಡು ಬಂದಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ಒಂದು ನಂಬರು. ಬಾನೆಟ್ಟಿನ ಕೆಳಗೆ ರಿವೆಟ್ ಹೊಡೆದು ಕೂರಿಸಬೇಕೆಂದು ಸುಧೀಂದ್ರ ಅದನ್ನು ಅಂಕಯ್ಯನವರ ಕೈಗೆ ಕೊಟ್ಟರು.

ಅಂಕಯ್ಯ ಅದನ್ನು ಹಿಂದೆ ತಿರುಗಿಸಿ ನೋಡಿದರು. ರಿವೆಟ್ಟಿನ ನಾಲ್ಕು ತೂತುಗಳೂ ಹರಿದು ಅಗಲವಾಗಿದ್ದವು. ಹಿಂಬದಿಯಲ್ಲಿ ಹಸಿರು ಪೇಂಟಿನ ಚಕ್ಕೆ ಇನ್ನೂ ಅಂಟಿಕೊಂಡಿತ್ತು. ಉಳಿ ಕೊಟ್ಟು ಇನ್ನೊಂದು ಕಾರಿನಿಂದ ಕಿತ್ತ ತಗಡು ಅದು. ಎಲ್ಲೋ ಗುಜರಿಗೆ ಹೋದ ಒಂದು ನಿಜವಾದ ಕಾರಿನ ಹೆಸರು ಅವರ ಕೈಯಲ್ಲಿತ್ತು.

"ಸಾರ್, ಇದು ಬ್ಯಾರೆ ಗಾಡೀದು."

"ಅಲಂಕಾರಕ್ಕೆ, ಅಂಕಯ್ಯನೋರೇ."

"ಅಲಂಕಾರಕ್ಕೆ ನಂಬರ್ ಯಾಕೆ?"

ಸುಧೀಂದ್ರ, "ಗಿರಾಕಿ ಕೇಳಿದಾರೆ. ನಾವು ಕಟ್ಟಿಕೊಡೋರು. ಅವರು ಏನು ಮಾಡ್ಕೋತಾರೋ ಅವರಿಗೆ ಬಿಟ್ಟಿದ್ದು" ಎಂದರು. ಹೇಳುವಾಗ ಅಂಕಯ್ಯನವರ ಮುಖ ನೋಡಲಿಲ್ಲ.

ಅಂಕಯ್ಯ ಅವತ್ತು ತಗಡು ಕೂರಿಸದೆ ತಲೆನೋವೆಂದು ಹೇಳಿ ಬೇಗ ಮನೆಗೆ ಬಂದರು. ಬೆಳ್ಳಮ್ಮ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಅಳೇ ನಂಬರ್ ಆಕಿ, ಅಳೇ ಇಂಜಿನ್ ಕೂರ್ಸಿ, ಅರವತ್ತು ವರ್ಸದ ಅಸಲೀ ಗಾಡಿ ಅಂತ ಮಾರ್ತಾರೆ ಕಣಮ್ಮಿ. ಅಮೆರಿಕದ ಇಂಜಿನ್ನು ಓಡ್ಸಿ ನೋಡಕ್ಕೆ ಅಷ್ಟೇಯ."

"ಆ ಸಾರ್ ಅಂತೋರಲ್ಲ. ನಿಮ್ದೊಂದು ಅತಿಯಾಯ್ತು ಕಣೇಳಿ. ಅನ್ನ ಇಕ್ಕೋರ ಮೇಲೂ ಅನುಮಾನ."

"ಅವತ್ತೂ ಅನ್ನ ಇಕ್ಕೋನೇ ಕೈ ತೋರ್ಸಿದ್ದು."

ಬೆಳ್ಳಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಅಂಗಾದ್ರೆ ಬುಟ್‌ಬುಡಿ ಆ ಕೆಲ್ಸವ" ಎಂದರು.

ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಬಿಟ್ಟರೆ ಇನ್ಯಾರೋ ರಿವೆಟ್ ಹೊಡೆಯುತ್ತಾರೆ. ನಾಳೆ ಕೇಸಾದರೆ ಮೈ ಬಡಿದವನು ಯಾರು ಎಂದೇ ಮೊದಲು ಕೇಳುವುದು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಇತ್ತು. ಆ ಎಮ್ಮೆ ಬೆನ್ನಿನ ಬಾಗನ್ನು ಅರವತ್ತು ವರ್ಷದ ಹಿಂದೆ ಯಾವನೋ ಬಿಳಿ ದೊರೆ ಮಾಡಿದ್ದೆಂದು ಜನ ನಂಬುತ್ತಾರಲ್ಲ, ಅದನ್ನು ಅವರಿಂದ ಸಹಿಸಲಾಗಲಿಲ್ಲ.

ಮಾರನೆಯ ದಿನ ಅವರು ಎಂದಿನಂತೆ ಕೆಲಸಕ್ಕೆ ಹೋದರು. ಸುಧೀಂದ್ರ, ಕಿಟ್ಟು ಇಬ್ಬರೂ ಟೈರ್ ತರಲು ಮೈಸೂರಿಗೆ ಹೋಗಿದ್ದರು. ಮದುವೆಯ ಪಾತ್ರೆಗಳ ಮೇಲೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದುಕೊಡುವುದಿಲ್ಲವೇ, ಹಾಗೆ ಅಂಕಯ್ಯ ಮೊನೆಯುಳಿ ಹಿಡಿದು, ಹಗೂರ ಬಡಿದು, ಕಾರಿನ ತಗಡಿನ ಒಳಮೈಯಲ್ಲಿ ಕನ್ನಡದಲ್ಲಿ ಬರೆದರು: ಅಂಕಯ್ಯ, ಕೆರಗೋಡು, 2023. ಬಾಗಿಲಿನ ಒಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಮಡ್‌ಗಾರ್ಡುಗಳ ಅಡಿಗೆ. ಏಳು ಕಡೆ. ಹೊರಗಿನಿಂದ ಒಂದು ಗುರುತೂ ಕಾಣುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹಿತ್ತಾಳೆ ತಗಡನ್ನು ಮಾತ್ರ ಕೂರಿಸದೆ ಮೇಜಿನ ಮೇಲಿಟ್ಟರು. ಕೊನೆಗೆ ಅದನ್ನು ಕಿಟ್ಟುವೇ ಕೂರಿಸಿದ.

ಗಾಡಿ ಒಪ್ಪಿಸಿಕೊಳ್ಳುವ ದಿನ ಸ್ವರೂಪ್ ಒಬ್ಬ ಪರಿಣತನನ್ನು ಕರೆತಂದ. ಆತ ವೈರಿನ ತುದಿಗಿದ್ದ ಸಣ್ಣ ಕ್ಯಾಮೆರಾವನ್ನು ಸಂದಿಗೊಂದಿಗಳಲ್ಲಿ ತೂರಿಸಿ ನೋಡತೊಡಗಿದ. ಹೊಸ ಬೆಸುಗೆಯ ಗುರುತು ಎಲ್ಲಾದರೂ ಕಾಣುತ್ತದೆಯೇ ಎಂದು ನೋಡಲು. ಎಡಬಾಗಿಲಿನ ಒಳಗೆ ಕ್ಯಾಮೆರಾ ನಿಂತಿತು. ಮೊಬೈಲಿನ ಪರದೆಯ ಮೇಲೆ ಕನ್ನಡದ ಅಕ್ಷರಗಳು ತಲೆಕೆಳಗಾಗಿ ಮೂಡಿದವು.

ಸ್ವರೂಪ್‌ನ ನಯ ಒಂದೇ ಕ್ಷಣದಲ್ಲಿ ಹೋಯಿತು.

"ಏನ್ರೀ ಇದು? ಯಾರು ಬರೆದದ್ದು? ಇದನ್ನ ಉಜ್ಜಿ ಅಳಿಸಿ, ಈಗಲೇ."

ಕಿಟ್ಟು ಅಂಕಯ್ಯನ ಕಡೆ ತಿರುಗಿದ. "ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

"ನನ್ ಕೆಲ್ಸಕ್ಕೆ ನನ್ನೆಸ್ರು ಆಕೋಕೆ ಯಾರ್ನ ಕೇಳ್ಬೇಕು?" ಎಂದರು ಅಂಕಯ್ಯ. ಆಮೇಲೆ ಸ್ವರೂಪ್‌ನ ಕಡೆ ನೋಡಿ, "ಇದು ಮಾದ್ರಿ ಗಾಡಿ ತಾನೆ ಸ್ವಾಮಿ? ಕಟ್ಟಿದೋನ ಎಸ್ರು ಒಳಗಿದ್ರೆ ನಿಮ್ಗೇನು ನೋವು?" ಎಂದರು.

ಸ್ವರೂಪ್ ಸುಧೀಂದ್ರರ ಕಡೆ ತಿರುಗಿದ. "ಅಳಿಸಿದ್ರೆ ಗಾಡಿ ತಗೋತೀನಿ, ಇಲ್ಲದಿದ್ರೆ ಇಲ್ಲ" ಎಂದ.

"ಅಳಿಸ್ಬೋದು. ಆದ್ರೆ ಇದೊಂದೇ ಅಲ್ಲ. ಎಲ್ಲೆಲ್ಲಿ ಆಕಿವ್ನಿ ಅಂತ ನಾನು ಯೋಳಾಕಿಲ್ಲ" ಎಂದರು ಅಂಕಯ್ಯ.

ಸುಧೀಂದ್ರ ಗೋಡೆಗೆ ಒರಗಿ ನಿಂತಿದ್ದರು. ಅವರು ಒಂದು ಮಾತಾಡಲಿ ಎಂದು ಅಂಕಯ್ಯ ಕಾದರು. ಅವರು ಆಡಲಿಲ್ಲ. ಅಂಕಯ್ಯ ಕೊಡತಿ, ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಟಿವಿಎಸ್ ಹತ್ತಿದರು.

ಮುಂದಿನ ಎರಡು ತಿಂಗಳು ಅವರ ಪಾಲಿಗೆ ಕೆಟ್ಟವು. ಸುಧೀಂದ್ರರಿಂದ ಫೋನ್ ಬರಲಿಲ್ಲ. ಕೆಲಸವಿರಲಿ ಬಿಡಲಿ, ಮೂರು ದಿನಕ್ಕೊಮ್ಮೆ ಗೆಜ್ಜಲಗೆರೆ ಕಡೆ ಅವರ ಟಿವಿಎಸ್ ತಿರುಗುತ್ತಿತ್ತು. ಶೆಡ್ಡಿನ ಶಟರ್ ಇಳಿದೇ ಇರುತ್ತಿತ್ತು. ಒಂದು ಮಧ್ಯಾಹ್ನ ಅದು ತೆರೆದಿತ್ತು. ಟಾರ್ಪಾಲು ಸುತ್ತಿದ ಭಾರವಾದ ಏನನ್ನೋ ಕಿಟ್ಟು ನಿಂತು ಲಾರಿಗೆ ಏರಿಸುತ್ತಿದ್ದ. ಅಂಕಯ್ಯನನ್ನು ಕಂಡವನೇ ಶಟರ್ ಎಳೆದ. ಆಯಿತು, ಹೆಸರು ಉಜ್ಜಿ ಗಾಡಿ ಸಾಗಿಸುತ್ತಿದ್ದಾರೆ ಎಂದು ಅಂಕಯ್ಯ ತೀರ್ಮಾನಿಸಿದರು. ಠಾಣೆಗೆ ದೂರು ಕೊಡಬೇಕೆಂದು ಹೊರಟು, ಮಂಡ್ಯದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಒಂದು ಗಂಟೆ ಕಲ್ಲುಬೆಂಚಿನ ಮೇಲೆ ಕೂತು ವಾಪಸ್ ಬಂದರು. ಇಪ್ಪತ್ತೆರಡರಲ್ಲಿ ಕಳೆದ ಆ ಮೂರು ದಿನದ ಮೇಲೆ ಅವರು ಯಾವ ಠಾಣೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಅದೇ ದಿನಗಳಲ್ಲಿ ಮದ್ದೂರಿನಲ್ಲಿ ನನಗೆ ಸಿಕ್ಕಿ ಇಷ್ಟನ್ನೂ ಹೇಳಿಕೊಂಡರು. "ಓದಿದೋರು ನೀವು. ಯೋಳಿ, ನಾನು ಮಾಡಿದ್ದು ಸರೀನಾ?" ಎಂದು ಕೇಳಿದರು. ನನಗೆ ಸರಿ ಎನ್ನಿಸಿತ್ತು. ಆದರೆ ಸರಿ ಎಂದರೆ ನನ್ನನ್ನೂ ನಂಬುತ್ತಿರಲಿಲ್ಲವೇನೋ.

ಒಂದು ಭಾನುವಾರ ಬೆಳಗ್ಗೆ ಕೆರಗೋಡಿನ ಬಸ್ಸಿನಿಂದ ಸುಧೀಂದ್ರ ಇಳಿದರು. ಗಡ್ಡ ಬಿಟ್ಟಿದ್ದರು. ಬೆಳ್ಳಮ್ಮ ಚಾಪೆ ಹಾಕಿ, ನೀರು ಬೆಲ್ಲ ಕೊಟ್ಟರು. ಅಂಕಯ್ಯ ಬಾಗಿಲ ಬಳಿ ನಿಂತೇ ಇದ್ದರು.

"ಗಾಡಿ ಶೆಡ್ಡಲ್ಲೇ ಇದೆ. ಸ್ವರೂಪ್‌ಗೆ ಕೊಡಲಿಲ್ಲ" ಎಂದರು ಸುಧೀಂದ್ರ.

"ಲಾರೀಲಿ ಓಗಿದ್ದೇನು?"

"ಅವನ ಹಳೇ ಇಂಜಿನ್ನು. ಜೊತೆಗೆ ಆ ಹಿತ್ತಾಳೆ ತಗಡು. ವಾಪಸ್ ಕಳಿಸಿದೆ."

ಅಂಕಯ್ಯ, "ನಿಮ್ಗೆ ಮೊದ್ಲೇ ಗೊತ್ತಿತ್ತಾ ಸಾರ್?" ಎಂದರು.

ಇಲ್ಲ ಎಂದಿದ್ದರೆ ಆ ಕ್ಷಣವೇ ಹೊರಗೆ ಕಳಿಸುತ್ತಿದ್ದೆ ಎಂದು ಅಂಕಯ್ಯ ಆಮೇಲೆ ನನಗೆ ಹೇಳಿದರು. ಸುಧೀಂದ್ರ ಲೋಟವನ್ನು ಕೆಳಗಿಟ್ಟರು.

"ಅರ್ಧ ಗೊತ್ತಿತ್ತು. ಇನ್ನರ್ಧ ನಾನು ಕೇಳಲಿಲ್ಲ. ಕೇಳಿದ್ರೆ ಅವನು ಹೇಳಿಬಿಡ್ತಾನೆ ಅಂತ ಭಯ. ಒಂದೂವರೆ ವರ್ಷ ಕಟ್ಟಿದ ಗಾಡಿ, ಕೊಳ್ಳೋನು ಇನ್ನೊಬ್ಬ ಇರಲಿಲ್ಲ. ನಮ್ಮಪ್ಪ ಜೀವಮಾನವೆಲ್ಲ ಪಾಠ ಹೇಳಿದ್ದು ಸತ್ಯಂ ವದ ಅಂತ. ನಾನು ಸುಳ್ಳೇನೂ ಹೇಳಲಿಲ್ಲ ನೋಡಿ. ಬರೀ ಬಾಯಿ ಮುಚ್ಕೊಂಡಿದ್ದೆ."

ಬೆಳ್ಳಮ್ಮ ಒಳಗಿನಿಂದ ಗಂಡನಿಗೆ, "ಕೂತ್ಕೊಳಿ ಮೊದ್ಲು. ಮನೆಗೆ ಬಂದೋರ ಮುಂದೆ ಅಂಗೆ ನಿಂತ್ಕೊತಾರಾ?" ಎಂದರು. ಅಂಕಯ್ಯ ಕೂತರು.

ನಂಬಿಕೆ ಅಷ್ಟಕ್ಕೇ ಬರಲಿಲ್ಲ. ಮರುದಿನ ಗೆಜ್ಜಲಗೆರೆಗೆ ಹೋಗಿ, ಕನ್ನಡಿ, ಟಾರ್ಚು ಹಿಡಿದು ಏಳು ಕಡೆಯೂ ನೋಡಿದರು. ಏಳೂ ಹೆಸರು ಹಾಗೇ ಇದ್ದವು. ಹಿತ್ತಾಳೆ ತಗಡು ಕಿತ್ತಲ್ಲಿ ನಾಲ್ಕು ತೂತು ಉಳಿದಿದ್ದವು. ಅವನ್ನು ಮುಚ್ಚಿ ಬೆಸೆದರು. ಆಮೇಲೆ ಎರಡು ಷರತ್ತು ಹೇಳಿದರು. ಕಿಟಕಿಯ ಪೇಪರ್ ಕೀಳಬೇಕು. ಹೊರಗೆ ಬೋರ್ಡ್ ಹಾಕಬೇಕು. ಒಂದು ವಾರದಲ್ಲಿ ಬೋರ್ಡು ಬಂತು: "ಹಳೆಯ ಮಾದರಿಯ ಹೊಸ ಕಾರುಗಳನ್ನು ಇಲ್ಲಿ ಕಟ್ಟಲಾಗುತ್ತದೆ." ಕಿಟ್ಟು ಹೇಳಿದ್ದು ನಿಜವೇ ಆಯಿತು. ದಾರಿಯಲ್ಲಿ ಹೋಗುವವರೆಲ್ಲ ಬಂದು ಕೂರತೊಡಗಿದರು. ಪಾಳಿ ಮುಗಿಸಿ ಬರುವ ಕಾರ್ಖಾನೆಯವರು ಬೈಕ್ ನಿಲ್ಲಿಸಿ ಕಾರಿನ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಿಟ್ಟು ಮಾತ್ರ ಅಂಕಯ್ಯನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದ. ಸ್ಪ್ಯಾನರ್ ಬೇಕಾದರೂ ಸುಧೀಂದ್ರರ ಮೂಲಕ ಕೇಳಿಸುತ್ತಿದ್ದ.

ಹಾಗೆ ಬಂದು ಕೂತವರಲ್ಲಿ ಮಳವಳ್ಳಿಯ ಯೋಗಾನರಸಿಂಹ ಒಬ್ಬರು. ನಿವೃತ್ತ ಪಶುವೈದ್ಯರು, ಎಪ್ಪತ್ತು ದಾಟಿದ್ದವರು. ಹುಡುಗನಾಗಿದ್ದಾಗ ಶಿವನಸಮುದ್ರದ ವಿದ್ಯುದಾಗಾರಕ್ಕೆ ಬಂದ ಯಾರೋ ಒಬ್ಬರು ಇಂಥದೇ ಕಾರಿನಲ್ಲಿ ತಮ್ಮನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ್ದರಂತೆ. ಕಾರು ಕೊಳ್ಳುತ್ತೇನೆ ಎಂದರು. ಅಂಕಯ್ಯ ತಕ್ಷಣ ಎದುರು ಬಂದು ನಿಂತರು.

"ಇದು ಅಸಲಿ ಅಲ್ಲ ಸ್ವಾಮಿ. ಮೈ ನಂದು, ಇಂಜಿನ್ನು ಅಮೆರಿಕದ್ದು."

"ಗೊತ್ತು ಕಣಯ್ಯ, ಬೋರ್ಡಲ್ಲೇ ಬರೆದಿದೀರಲ್ಲ. ಅಸಲಿ ಆಗಿದ್ರೆ ನಾನು ಬರ್ತಾನೇ ಇರ್ಲಿಲ್ಲ. ಅಸಲೀನ ಮುಟ್ಟೋಕೂ ಭಯ. ನನಗೆ ಓಡಿಸೋಕೆ ಬೇಕು."

"ರೋಡಿಗಿಳಿಸೋಕೆ ಇದಕ್ಕಿನ್ನೂ ಪರವಾನಗಿ ಇಲ್ಲ. ಎಲ್ಲಿ ಓಡಿಸ್ತೀರಿ?" ಎಂದರು ಸುಧೀಂದ್ರ.

"ಹಲಗೂರು ಹತ್ರ ನನ್ನದೇ ತೋಟ ಇದೆ. ತೆಂಗಿನ ಸಾಲಿನ ಮಧ್ಯೆ ಒಂದೂವರೆ ಕಿಲೋಮೀಟರ್ ದಾರಿ ಮಾಡಿಸಿದೀನಿ."

ಅಂಕಯ್ಯ ಇದನ್ನೂ ನಂಬಲಿಲ್ಲ. ಇನ್ನೊಬ್ಬ ಸ್ವರೂಪ್‌ಗೆ ಕೈದಾಟಿಸಲು ಬಂದ ಮುದುಕ ಇರಬಹುದು ಎಂದೇ ಅವರ ಲೆಕ್ಕ. ಹೇಳದೆ ಕೇಳದೆ ಒಂದು ದಿನ ಬಸ್ಸಿನಲ್ಲಿ ಹಲಗೂರಿಗೆ ಹೋಗಿ, ಅಲ್ಲಿಂದ ನಡೆದು ತೋಟ ಹುಡುಕಿದರು. ತೋಟ ಇತ್ತು. ದಾರಿಯೂ ಇತ್ತು. ಅದನ್ನು ಈ ತುದಿಯಿಂದ ಆ ತುದಿಗೆ ನಡೆದು, ಹಳ್ಳ ಎಲ್ಲಿದೆ ಎಂದು ನೋಡುತ್ತಿದ್ದಾಗ ಯೋಗಾನರಸಿಂಹ ಪಂಪ್‌ಹೌಸಿನಿಂದ ಹೊರಗೆ ಬಂದು ಇವರನ್ನು ಕಂಡರು. ಬೈಯುತ್ತಾರೆಂದು ಅಂಕಯ್ಯ ಅಂದುಕೊಂಡಿದ್ದರು. ಅವರು ಎಳನೀರು ಕೊಚ್ಚಿಸಿ ಕೊಟ್ಟು, "ಹಸು ತಗೋಳೋರು ಹಟ್ಟಿ ನೋಡ್ಬೇಕು, ಮಾರೋರೂ ನೋಡ್ಬೇಕು" ಎಂದರು.

ಕಾರು ಹಲಗೂರಿಗೆ ಹೋದ ದಿನ ನಾನೂ ಜೊತೆಗಿದ್ದೆ. ಲಾರಿಯಿಂದ ಇಳಿಸಿದಾಗ ತೋಟದ ಆಳುಗಳು, ಅಕ್ಕಪಕ್ಕದ ಹೊಲದವರು ಸೇರಿದ್ದರು. ಯೋಗಾನರಸಿಂಹ ಸ್ಟೇರಿಂಗ್ ಹಿಡಿದು ಕೂತು, ಪಕ್ಕದ ಸೀಟನ್ನು ತಟ್ಟಿ ಅಂಕಯ್ಯನನ್ನು ಕರೆದರು. ಅಂಕಯ್ಯ ಒಲ್ಲೆ ಎಂದರು. ಬೆಳ್ಳಮ್ಮ, "ಓಗ್ರಿ, ನಾಚ್ಕೆ ಯಾತಕ್ಕೆ" ಎಂದರೂ ಕದಲಲಿಲ್ಲ. ಕೊನೆಗೆ ಬೆಳ್ಳಮ್ಮನೇ ಸೆರಗು ಬಿಗಿದುಕೊಂಡು ಹತ್ತಿ ಕೂತರು. ಎಂಟು ಸಿಲಿಂಡರುಗಳು ಒಟ್ಟಿಗೆ ಗುಡುಗಿದವು. ತೆಂಗಿನ ಮರದಿಂದ ಕೊಕ್ಕರೆಗಳು ಎದ್ದು ಹಾರಿದವು. ಕಾರು ದೂರದ ತುದಿಗೆ ಹೋಗಿ ತಿರುಗಿ ಬರುವಾಗ ಬೆಳ್ಳಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದದ್ದು ಕಾಣಿಸಿತು.

ಅಂಕಯ್ಯನವರ ಪಕ್ಕದಲ್ಲಿ ಸುಧೀಂದ್ರ ನಿಂತಿದ್ದರು. "ಹೇಗಿದೆ?" ಎಂದು ಕೇಳಿದರು.

"ಅವರು ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಓಡಿಸ್ತಾವ್ರೆ. ಆರು ತಿಂಗಳಿಗೆ ಸುಟ್ಟೋಯ್ತದೆ" ಎಂದರು ಅಂಕಯ್ಯ. ಕಾರು ನಿಲ್ಲುವುದಕ್ಕೂ ಕಾಯದೆ, ಕೈ ಎತ್ತಿ ಏನೋ ಕೂಗಿಕೊಳ್ಳುತ್ತಾ ಅದರ ಕಡೆಗೆ ನಡೆದರು.

ಈಗ ಶೆಡ್ಡಿನಲ್ಲಿ ಎರಡನೆಯ ಕಾರಿನ ಕೆಲಸ ನಡೆಯುತ್ತಿದೆ. ಕಿಟ್ಟು ಮಾತಾಡುತ್ತಾನೆ. ಸುಧೀಂದ್ರ ಹೊಸ ಗಿರಾಕಿ ಬಂದಾಗ ಮೊದಲು ಅಂಕಯ್ಯನವರ ಎದುರಿಗೆ ಕೂರಿಸುತ್ತಾರೆ. ಅವರ ಪ್ರಶ್ನೆಗಳಿಗೆ ಬೇಸತ್ತು ಇಬ್ಬರು ಎದ್ದು ಹೋಗಿದ್ದಾರಂತೆ.